ಒತ್ತಡವೊಂದೇ ಸ್ಕಿಜೋಫ್ರೇನಿಯಾ ತರುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 21 ವರ್ಷ. ಪರೀಕ್ಷೆಯ ಹೊತ್ತಿಗೆ ನಿದ್ದೆಗೆಟ್ಟು ಓದುತ್ತಿದ್ದವನು, ಯಾರೋ ತನ್ನನ್ನು ಬೈಯುವುದು ಕಿವಿಗೆ ಬೀಳುತ್ತಿದೆ ಎನ್ನತೊಡಗಿದ. ವೈದ್ಯರು ಇದು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಎಂದಿದ್ದಾರೆ. ಓದು ಓದು ಎಂದು ಒತ್ತಾಯಿಸಿದ್ದರಿಂದಲೇ ಹೀಗಾಯಿತೆಂದು ಅಪ್ಪ ಕೊರಗುತ್ತಿದ್ದಾರೆ. ಚಿಕ್ಕಪ್ಪನಿಗೂ ಈ ಕಾಯಿಲೆ ಇತ್ತು. ನನಗೂ ಬರಬಹುದೇ? ನಾವೀಗ ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಹೇಳಿ, ಅವರ ಒತ್ತಾಯದಿಂದ ಈ ಕಾಯಿಲೆ ಹುಟ್ಟಿಲ್ಲ. ನಿದ್ದೆಗೆಟ್ಟು ಓದುವ ಲಕ್ಷಾಂತರ ಮಕ್ಕಳಲ್ಲಿ ಬಹುಪಾಲು ಜನರಿಗೆ ಇದು ಬರುವುದೇ ಇಲ್ಲ. ಕಾಯಿಲೆಗೆ ಈಡಾಗುವ ಗುಣ ಮೊದಲೇ ಇರಬೇಕು, ಅದರ ಮೇಲೆ ಒತ್ತಡ ಬೀಳಬೇಕು. 1977ರಲ್ಲಿ ಝುಬಿನ್ ಮತ್ತು ಸ್ಪ್ರಿಂಗ್ ಎಂಬ ಮನೋವಿಜ್ಞಾನಿಗಳು ಮುಂದಿಟ್ಟ ವಿವರಣೆ ಇದು. ಈ ಗುಣ ಹೆಚ್ಚಿದ್ದವರಿಗೆ ಸಣ್ಣ ಒತ್ತಡವೂ ಸಾಕು, ಕಡಿಮೆ ಇದ್ದವರು ದೊಡ್ಡ ಆಘಾತವನ್ನೂ ತಾಳಿಕೊಳ್ಳುತ್ತಾರೆ. ವಂಶವಾಹಿಗಳ ಜೊತೆಗೆ, ತಾಯಿಗೆ ಬಸಿರಿನಲ್ಲಿ ತಗುಲಿದ ಸೋಂಕು, ಹೆರಿಗೆಯಲ್ಲಿ ಮಗುವಿಗೆ ಆಮ್ಲಜನಕದ ಕೊರತೆ ಇಂಥವೂ ಈ ಗುಣವನ್ನು ಹೆಚ್ಚಿಸಬಲ್ಲವು. ಒತ್ತಡದಲ್ಲಿ ಮಿದುಳು ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ. ಈ ಗುಣ ಇರುವವರಲ್ಲಿ ಅದು ಅತಿಯಾಗಿ, ಇಲ್ಲದ ದನಿ ಕೇಳುವುದಕ್ಕೂ ಅನುಮಾನಕ್ಕೂ ದಾರಿಯಾಗುತ್ತದೆ.

ಇನ್ನೊಂದು ಮಾತು, ಇದನ್ನು ಬಹಳ ಮನೆಯವರು ಗಮನಿಸುವುದಿಲ್ಲ. ದನಿಗಳು ಕೇಳಿಸುವುದಕ್ಕೆ ತಿಂಗಳುಗಳ ಮೊದಲೇ ನಿದ್ದೆ ಕೆಡುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ, ಗೆಳೆಯರು ಬೇಡವಾಗುತ್ತಾರೆ. ಪರೀಕ್ಷೆಯ ಒತ್ತಡ ಎಂದು ನಿಮಗೆ ಕಂಡದ್ದರಲ್ಲಿ ಒಂದಿಷ್ಟು ಆಗಲೇ ಶುರುವಾಗಿದ್ದ ಕಾಯಿಲೆಯೂ ಇರಬಹುದು.

ನಿಮ್ಮ ವಿಷಯಕ್ಕೆ ಬಂದರೆ, ಜನಸಾಮಾನ್ಯರಲ್ಲಿ ಈ ಕಾಯಿಲೆ ಬರುವ ಸಾಧ್ಯತೆ ಶೇ. 1ರ ಆಸುಪಾಸು, ಒಡಹುಟ್ಟಿದವರಿಗೆ ಇದ್ದರೆ ಸುಮಾರು ಶೇ. 9. ಅಂದರೆ ಬರದೇ ಇರುವ ಸಾಧ್ಯತೆಯೇ ಬಹಳ ಹೆಚ್ಚು. ಒಂದೇ ಅಂಡದ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಶೇ. 50ರಷ್ಟು ಅಥವಾ ಅದಕ್ಕೂ ಕಡಿಮೆ. ನೀವು ಗಾಂಜಾದಿಂದ ಮಾತ್ರ ಖಂಡಿತ ದೂರವಿರಿ. ನಿಮ್ಮ ತಮ್ಮನೂ ಅಷ್ಟೇ.

ಅವನ ಮಾತ್ರೆ ತಪ್ಪದಿರಲಿ. ಚೆನ್ನಾಗಿದ್ದಾನಲ್ಲ ಎಂದು ಮಾತ್ರೆ ನಿಲ್ಲಿಸಿಬಿಡುವುದು ಕಾಯಿಲೆ ಮರುಕಳಿಸಲು ಎಲ್ಲಕ್ಕಿಂತ ದೊಡ್ಡ ಕಾರಣ. ಮೊದಲ ಸಲ ಕಾಯಿಲೆ ಬಂದವರನ್ನು ಐದು ವರ್ಷ ಗಮನಿಸಿದ ಒಂದು ಅಧ್ಯಯನದಲ್ಲಿ, ಮಾತ್ರೆ ಬಿಟ್ಟವರಿಗೆ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು. ತೂಕ ಏರಿದರೆ, ಕೈ ನಡುಗಿದರೆ ವೈದ್ಯರಿಗೆ ತಿಳಿಸಿ. ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ.

ಮನೆಯ ಮಾತಿನ ಧಾಟಿಯೂ ಅಷ್ಟೇ ಮುಖ್ಯ. ಸದಾ ಟೀಕೆ ಅಥವಾ ಅತಿಯಾದ ಕಾಳಜಿ ಇರುವ ಮನೆಯಲ್ಲಿ, ಅದರಲ್ಲೂ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದಾಗ, ಕಾಯಿಲೆ ಬೇಗ ಮರುಕಳಿಸುವುದು ಕಂಡುಬಂದಿದೆ. ‘ಎಷ್ಟು ಹೊತ್ತು ಬಿದ್ಕೊಂಡಿರ್ತೀಯ, ಸೋಮಾರಿ’ ಎನ್ನುವ ಬದಲು ‘ಎದ್ದು ಮುಖ ತೊಳ್ಕೋ, ಒಟ್ಟಿಗೆ ತಿಂಡಿ ತಿನ್ನೋಣ’ ಎನ್ನಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಅವನಲ್ಲಿ ಚಟುವಟಿಕೆ ಕುಗ್ಗಿರುವುದು ಸೋಮಾರಿತನದಿಂದಲ್ಲ, ಕಾಯಿಲೆಯಿಂದ.

ಓದಿಗೆ ಮರಳುವಾಗ ಒಂದೆರಡು ವಿಷಯಗಳಿಂದ ಶುರುಮಾಡಲಿ, ರಾತ್ರಿ ನಿದ್ದೆಗೆಡುವುದು ಬೇಡ. ಎರಡು ಮೂರು ರಾತ್ರಿ ನಿದ್ದೆ ಬಾರದಿದ್ದರೆ, ಊಟದ ಮೇಲೆ ಅನುಮಾನಪಟ್ಟರೆ, ಒಬ್ಬನೇ ಮಾತಾಡಿಕೊಳ್ಳತೊಡಗಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.