ಮೇಲೇರದವರಿಗೆ ಎರಡು ಪುಟ ಯಾಕೆ?

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಬಂದ ಲೇಖನ ಓದಿದೆ. ನಾನು ಬಹಳ ವರ್ಷಗಳಿಂದ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಮಗ ಇಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ಓದಿದವನು. ನೀವು ರಾನ್ ವಾಂಡರ್‌ಲಿಂಡನ್ ಎಂಬ ಲೈನ್‌ಬ್ಯಾಕರ್ ಕೋಚ್‌ಗೆ ಎರಡು ಪುಟ ಕೊಟ್ಟು, ದೊಡ್ಡ ದೊಡ್ಡ ಹೆಡ್ ಕೋಚ್‌ಗಳನ್ನು ಒಂದೊಂದು ಸಾಲಿನಲ್ಲಿ ಮುಗಿಸಿದ್ದೀರಿ. ಈ ಮನುಷ್ಯನಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹೆಡ್ ಕೋಚ್ ಆಗುವ ಅವಕಾಶ ಸಿಕ್ಕಿತ್ತು. ನಾಲ್ಕು ವರ್ಷದಲ್ಲಿ 15 ಗೆಲುವು, 29 ಸೋಲು. ಆಮೇಲೆ ಹಳೇ ಕೆಲಸಕ್ಕೇ ವಾಪಸ್. ಹೊಣೆ ಹೊರುವವನು, ಬೈಸಿಕೊಳ್ಳುವವನು ಹೆಡ್ ಕೋಚ್. ಮೇಲೇರಿದವರ ಕಥೆ ಬಿಟ್ಟು ಇದ್ದಲ್ಲೇ ಉಳಿದವರ ಕಥೆ ಹೇಳಿದರೆ ನಮ್ಮ ಮಕ್ಕಳು ಏನು ಕಲಿಯಬೇಕು? (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಪ್ರಿಯರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಸಿಟ್ಟೂ ಬಂತು. ಅಷ್ಟು ದೂರದಲ್ಲಿ ಕೂತು ಕನ್ನಡ ಪತ್ರಿಕೆಯನ್ನು ಕೊನೇ ಸಾಲಿನ ತನಕ ಓದಿದ್ದೀರಿ. ಅಂಕಿ ಅಂಶ ಸಮೇತ ಜಗಳಕ್ಕೆ ಬಂದಿದ್ದೀರಿ. ಇಂಥ ಓದುಗರು ಸಿಗುವುದು ನಮ್ಮ ಪುಣ್ಯ. ಸಿಟ್ಟು ಬಂದಿದ್ದು 'ಇದ್ದಲ್ಲೇ ಉಳಿದವರು' ಅನ್ನುವ ಮಾತಿಗೆ.

ನೀವು ಹೇಳಿದ್ದರಲ್ಲಿ ಒಂದನ್ನು ಒಪ್ಪಿಕೊಂಡೇ ಶುರುಮಾಡುತ್ತೇನೆ. ಹೆಡ್ ಕೋಚ್ ಕೆಲಸ ಸುಲಭದ್ದಲ್ಲ. ನೂರಕ್ಕೂ ಜಾಸ್ತಿ ಹುಡುಗರು, ಅವರ ಅಪ್ಪ ಅಮ್ಮಂದಿರು, ದೇಣಿಗೆ ಕೊಡುವ ಶ್ರೀಮಂತರು, ಟೀವಿಯವರು, ಎಲ್ಲರಿಗೂ ಉತ್ತರ ಕೊಡಬೇಕು. ಸೋತರೆ ಊರೆಲ್ಲ ಉಗಿಯುವುದು ಅವರನ್ನೇ. ನಿಜ. ಆದರೆ ಅದರ ಬಗ್ಗೆ ಬರೆಯುವವರಿಗೆ ಬರವಿಲ್ಲ. ಗೆದ್ದೆತ್ತಿನ ಬಾಲ ಹಿಡಿಯಲು ಜನ ಸಾಲುಗಟ್ಟಿ ನಿಂತಿರುವಾಗ ನಾನೂ ಯಾಕೆ ನಿಲ್ಲಲಿ?

ಈ ಆಟ ನೋಡದ ಓದುಗರೂ ಇದ್ದಾರೆ, ಅವರಿಗಾಗಿ ಎರಡು ಮಾತು. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಹಿಡಿದು ಓಡುವ, ಎಸೆಯುವ, ಅಡ್ಡಗಟ್ಟಿ ಕೆಡವುವ ಆಟ. ತಡೆಯುವ ತಂಡದ ಮುಂದಿನ ಸಾಲಿನಲ್ಲಿ ದಡೂತಿಗಳು ಇರುತ್ತಾರೆ. ಅವರ ಬೆನ್ನ ಹಿಂದೆ ನಾಲ್ಕೈದು ಗಜ ದೂರದಲ್ಲಿ ನಿಲ್ಲುವವನೇ ಲೈನ್‌ಬ್ಯಾಕರ್. ಎದುರಿನವರು ಚೆಂಡು ಹಿಡಿದು ನುಗ್ಗುತ್ತಾರೋ, ಎಸೆಯುತ್ತಾರೋ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು. ನುಗ್ಗಿದರೆ ತನ್ನ ಸಂದಿಗೆ ಓಡಿ ಮುಚ್ಚಬೇಕು. ಎಸೆದರೆ ಹಿಂದೆ ಸರಿದು ಜಾಗ ಕಾಯಬೇಕು. ಒಂದು ಹೆಜ್ಜೆ ತಪ್ಪಿಟ್ಟರೆ ಆಟ ಕೈಬಿಟ್ಟಂತೆ.

ಆ ಒಂದು ಹೆಜ್ಜೆ ಕಲಿಸುವುದೇ ಲೈನ್‌ಬ್ಯಾಕರ್ ಕೋಚ್ ಕೆಲಸ. ಹೈಸ್ಕೂಲಿನಿಂದ ಬಂದ ಹುಡುಗ ಚೆಂಡನ್ನೇ ನೋಡುತ್ತಾನೆ. ಚೆಂಡು ಮೋಸ ಮಾಡುತ್ತದೆ, ಕೊಟ್ಟ ಹಾಗೆ ಮಾಡಿ ಕೊಡದೆ ಇರುವುದು ಈ ಆಟದ ಮಾಮೂಲಿ ತಂತ್ರ. ಅದಕ್ಕೇ ಚೆಂಡು ಬಿಡು, ಎದುರಿನ ತಂಡದ ಮುಂದಿನ ಸಾಲಿನಲ್ಲಿರುವ ಗಾರ್ಡ್‌ನನ್ನು ನೋಡು ಅಂತ ಕಲಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಹುಡುಗರನ್ನು ಕೂರಿಸಿ ವಿಡಿಯೋ ನಿಲ್ಲಿಸುತ್ತಾರೆ. ಗಾರ್ಡ್ ನೆಲಕ್ಕೆ ಊರಿದ ಕೈ ನೋಡಿ. ಗಿಣ್ಣು ಬೆಳ್ಳಗಾಗಿದೆಯಾ? ಹಾಗಾದರೆ ಮೈಭಾರ ಮುಂದಿದೆ, ಮುಂದಕ್ಕೆ ತಳ್ಳಲು ಹೊರಟಿದ್ದಾನೆ, ನುಗ್ಗುವ ಆಟ. ಕೈ ಹಗುರವಾಗಿ, ಭಾರ ಹಿಮ್ಮಡಿಯ ಮೇಲಿದ್ದರೆ ಹಿಂದೆ ಸರಿಯುವ ಯೋಚನೆ, ಎಸೆಯುವ ಆಟ. ಒಂದು ದೃಶ್ಯ, ಮತ್ತೆ ಹಿಂದಕ್ಕೆ, ಮತ್ತೆ ಅದೇ ದೃಶ್ಯ. ಸಂಜೆ ಮೈದಾನದಲ್ಲಿ ಅದೇ ಹೆಜ್ಜೆ, ಮತ್ತೆ ಮತ್ತೆ. ತಲೆ ಎತ್ತಿ ಟ್ಯಾಕಲ್ ಮಾಡು, ಅಂದರೆ ಅಡ್ಡಗಟ್ಟಿ ಕೆಡವು, ತಗ್ಗಿಸಿದರೆ ಕತ್ತು ಹೋಗುತ್ತದೆ ಅಂತ ದಿನಾ ಬೈಯಬೇಕು. ಇಷ್ಟರ ನಡುವೆ ಚಳಿಗಾಲದಲ್ಲಿ ಹೈಸ್ಕೂಲು ಹೈಸ್ಕೂಲು ಅಲೆದು ಹೊಸ ಹುಡುಗರನ್ನು ಒಪ್ಪಿಸಿ ಕರೆತರಬೇಕು, ಅವರ ಅಮ್ಮಂದಿರ ಅಡುಗೆ ಉಂಡು ಹೊಗಳಬೇಕು. ಟೀವಿಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ವಾಂಡರ್‌ಲಿಂಡನ್ ಬೆಳೆದಿದ್ದು ಈ ಕೆಲಸದಲ್ಲೇ. 80ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಹೆಡ್ ಕೋಚ್ ಬಿಲ್ ಮೆಕಾರ್ಟ್ನಿ ಕೈಕೆಳಗೆ ಪಳಗಿದರು. 1992ರಲ್ಲಿ ಅಲ್ಲಿಂದ ಹೆಡ್ ಕೋಚ್ ಆಗಿ ಹೊರಟ ಗ್ಯಾರಿ ಬಾರ್ನೆಟ್ ಜೊತೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಹೋದರು, ಡಿಫೆನ್ಸ್ ಅಂದರೆ ತಡೆಯುವ ತಂಡದ ಜವಾಬ್ದಾರಿ ಹೊತ್ತರು. ನಾರ್ತ್‌ವೆಸ್ಟರ್ನ್ ಆಗ ನಗೆಪಾಟಲಿನ ತಂಡ. 1979ರಿಂದ 82ರ ನಡುವೆ ಸತತ 34 ಪಂದ್ಯ ಸೋತ ದಾಖಲೆ ಅವರದ್ದು. 1971ರಿಂದ ಈಚೆಗೆ ಸೋಲಿಗಿಂತ ಗೆಲುವು ಜಾಸ್ತಿ ಇದ್ದ ಒಂದು ವರ್ಷವೂ ಇರಲಿಲ್ಲ. ಅಂಥ ತಂಡ 1995ರಲ್ಲಿ ಬಿಗ್ ಟೆನ್ ಎಂಬ ಲೀಗ್ ಗೆದ್ದು, ಸೀಸನ್ ಕೊನೆಯ ದೊಡ್ಡ ಪಂದ್ಯ ರೋಸ್ ಬೌಲ್ ಆಡಿತು. ರೋಸ್ ಬೌಲ್‌ಗೆ ಹೋಗಿದ್ದು 1949ರ ನಂತರ ಅದೇ ಮೊದಲು. ಆ ತಂಡದ ಜೀವ ಪ್ಯಾಟ್ ಫಿಟ್ಜೆರಾಲ್ಡ್ ಎಂಬ ಲೈನ್‌ಬ್ಯಾಕರ್. ಪಾಪ, ಐಯೋವಾ ವಿರುದ್ಧ ಕಾಲು ಮುರಿದುಕೊಂಡು ರೋಸ್ ಬೌಲ್ ದಿನ ಆಡಲಾಗಲಿಲ್ಲ.

ಈ ಹೆಸರು ಮಾಡಿದ್ದಕ್ಕೆ 1997ರಲ್ಲಿ ವಾಂಡರ್‌ಲಿಂಡನ್‌ಗೆ ಮೇರಿಲ್ಯಾಂಡ್ ಹೆಡ್ ಕೋಚ್ ಪಟ್ಟ ಸಿಕ್ಕಿತು. ನೀವು ಹೇಳಿದ 15-29 ಲೆಕ್ಕ ಸರಿ. ಅದನ್ನು ಬಿಡಿಸಿ ನೋಡೋಣ. ಮೊದಲ ವರ್ಷ 2 ಗೆಲುವು, ಆಮೇಲೆ 3, ಆಮೇಲೆ 5, ಮತ್ತೆ 5. ಇನ್ನೊಂದು ಗೆದ್ದಿದ್ದರೆ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಬೇಕಾದ 6 ಆಗುತ್ತಿತ್ತು. ಆಗಲಿಲ್ಲ, ಮನೆಗೆ ಕಳಿಸಿದರು. ಮುಂದಿನ ವರ್ಷ, 2001ರಲ್ಲಿ, ಹೊಸ ಹೆಡ್ ಕೋಚ್ ರಾಲ್ಫ್ ಫ್ರೀಡ್ಜೆನ್ ಬಂದರು. ಬಹುಪಾಲು ಅದೇ ಹುಡುಗರು. 10 ಪಂದ್ಯ ಗೆದ್ದು ತಮ್ಮ ಲೀಗ್ ಎಸಿಸಿಯ ಚಾಂಪಿಯನ್ ಆಗಿ ಆರೆಂಜ್ ಬೌಲ್‌ಗೆ ಹೋದರು. ಫ್ರೀಡ್ಜೆನ್ ಗಟ್ಟಿಗರು, ಅನುಮಾನವಿಲ್ಲ. ಆದರೆ ಆ ಹುಡುಗರನ್ನು ಮನೆ ಮನೆಗೆ ಹೋಗಿ ಕರೆತಂದವರು ಯಾರು? ಬಿತ್ತಿದವನೊಬ್ಬ, ಉಂಡವನೊಬ್ಬ. ನಿಮ್ಮ ಅಂಕಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಆ ವರ್ಷವೇ ವಾಂಡರ್‌ಲಿಂಡನ್ ಪೆನ್ ಸ್ಟೇಟ್‌ಗೆ ಬಂದರು, ಲೈನ್‌ಬ್ಯಾಕರ್ ಕೋಚ್ ಆಗಿ. ಜ್ಯಾಕ್ ಹ್ಯಾಮ್ ಅಂಥ ಹೆಸರಾಂತ ಲೈನ್‌ಬ್ಯಾಕರ್‌ಗಳನ್ನು ಕೊಟ್ಟು 'ಲೈನ್‌ಬ್ಯಾಕರ್ ಯು', ಅಂದರೆ ಲೈನ್‌ಬ್ಯಾಕರ್‌ಗಳ ಯೂನಿವರ್ಸಿಟಿ, ಅನ್ನಿಸಿಕೊಂಡ ಜಾಗ. ಹೆಡ್ ಕೋಚ್ ಆಗಿದ್ದವರು ಮತ್ತೆ ಒಂದು ಕೋಣೆಯ ಹುಡುಗರಿಗೆ ಪಾಠ ಹೇಳಲು ಕೂತರು. ನೀವಿದನ್ನು ಇಳಿಯುವುದು ಅನ್ನುತ್ತೀರಿ. ಈಗ ನನ್ನ ಅಂಕಿ ಕೇಳಿ.

ಚಕ್ ಬೆಡ್ನಾರಿಕ್ ಪ್ರಶಸ್ತಿ ಅಂತಿದೆ. ದೇಶದಲ್ಲೇ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ವರ್ಷಕ್ಕೊಂದು, 1995ರಿಂದ. ಮೊದಲೆರಡು ವರ್ಷ ಗೆದ್ದವನು ನಾರ್ತ್‌ವೆಸ್ಟರ್ನ್‌ನ ಫಿಟ್ಜೆರಾಲ್ಡ್. 2002ರಲ್ಲಿ ಗೆದ್ದವನು ಮೇರಿಲ್ಯಾಂಡ್‌ನ ಇ.ಜೆ. ಹೆಂಡರ್ಸನ್, ವಾಂಡರ್‌ಲಿಂಡನ್ ಕರೆತಂದು ಆಡಿಸಲು ಶುರುಮಾಡಿದ ಹುಡುಗ. 2005 ಮತ್ತು 2006ರಲ್ಲಿ ಪೆನ್ ಸ್ಟೇಟ್‌ನ ಪಾಲ್ ಪೊಸ್ಲುಸ್ನಿ. 2007ರಲ್ಲಿ ಅದೇ ಕೋಣೆಯ ಡ್ಯಾನ್ ಕಾನರ್. ಮೊದಲ 13 ಪ್ರಶಸ್ತಿಗಳಲ್ಲಿ 6 ಈ ಒಬ್ಬ ಮನುಷ್ಯನ ಕೈ ತಾಗಿದ ಹುಡುಗರಿಗೆ. ಇವತ್ತಿನವರೆಗೆ ಆ ಪ್ರಶಸ್ತಿ ಎರಡು ಸಲ ಗೆದ್ದವರು ಇಬ್ಬರೇ, ಫಿಟ್ಜೆರಾಲ್ಡ್ ಮತ್ತು ಪೊಸ್ಲುಸ್ನಿ. ಇಬ್ಬರ ಹಿಂದೆಯೂ ಇವರೇ. ಸೀನ್ ಲೀ, ನವಾರೊ ಬೋಮನ್ ಕೂಡ ಇದೇ ಕೋಣೆಯಿಂದ ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ಗೆ ಹೋದವರು. ಬೋಮನ್ ಅಲ್ಲಿ ನಾಲ್ಕು ಸಲ ಆಲ್-ಪ್ರೋ, ಅಂದರೆ ಆ ವರ್ಷದ ಅತ್ಯುತ್ತಮರ, ಮೊದಲ ತಂಡದಲ್ಲಿದ್ದ. 15-29 ಬಾಯಿಪಾಠ ಇರುವವರಿಗೆ 13ರಲ್ಲಿ 6 ಗೊತ್ತಿಲ್ಲ ಅಂದರೆ ತಪ್ಪು ಯಾರದ್ದು? ನಿಮ್ಮದಲ್ಲ ಬಿಡಿ. ನಮ್ಮಂಥ ಪತ್ರಿಕೆಯವರದ್ದೇ.

ನೀವು ಎತ್ತದೆ ಬಿಟ್ಟ ಒಂದು ವಿಷಯವನ್ನು ನಾನೇ ಎತ್ತುತ್ತೇನೆ. ಸಹಾಯಕ ಕೋಚ್‌ಗಳೆಲ್ಲ ದೇವರಲ್ಲ. 'ಲೈನ್‌ಬ್ಯಾಕರ್ ಯು' ಹೆಸರಿಗಾಗಿ ದಶಕಗಟ್ಟಲೆ ದುಡಿದವರಲ್ಲಿ ಜೆರ್ರಿ ಸ್ಯಾಂಡಸ್ಕಿಯೂ ಒಬ್ಬ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ 45 ಆರೋಪಗಳಲ್ಲಿ 2012ರಲ್ಲಿ ಅವನು ಅಪರಾಧಿ ಅಂತ ತೀರ್ಪಾಯಿತು. ಆ ಊರು ಅವನನ್ನೂ ಮೆರೆಸಿತ್ತು. ಆದರೆ ಇನ್ನೊಂದನ್ನೂ ನೋಡಿ. 2001ರಲ್ಲಿ ಸ್ಯಾಂಡಸ್ಕಿಯ ಕೃತ್ಯ ಕಣ್ಣಾರೆ ಕಂಡು, ಬಂದು ಹೇಳಿದವನು ತಂಡದ ತೀರಾ ಕಿರಿಯ ಸಹಾಯಕ. ಅವನೂ ಪೊಲೀಸರ ಹತ್ತಿರ ಹೋಗಲಿಲ್ಲ ಅನ್ನುವ ಟೀಕೆ ಇದೆ, ಇರಲಿ. ವಿಷಯ ಹೆಡ್ ಕೋಚ್ ಜೋ ಪಟರ್ನೊ ದಾಟಿ ವಿಶ್ವವಿದ್ಯಾಲಯದ ದೊಡ್ಡವರ ತನಕ ಹೋಯಿತು. ಅಲ್ಲೇ ನಿಂತಿತು. ಹೊಣೆ ಹೊರುವುದು ಮೇಲಿನವರು ಅಂದಿರಲ್ಲ, ಆ ಹತ್ತು ವರ್ಷ ಹೊಣೆ ಎಲ್ಲಿ ಮಲಗಿತ್ತು?

2011ರ ನವೆಂಬರ್‌ನಲ್ಲಿ ಪಟರ್ನೊ ಅವರನ್ನು ತೆಗೆದರು. ಹೊಸದಾಗಿ ಬಂದ ಬಿಲ್ ಒಬ್ರಿಯನ್ ಹಳೇ ಕೋಚ್‌ಗಳಲ್ಲಿ ಇಬ್ಬರನ್ನು ಉಳಿಸಿಕೊಂಡರು: ಡಿಫೆನ್ಸಿವ್ ಲೈನ್‌ನ ಲ್ಯಾರಿ ಜಾನ್ಸನ್, ಲೈನ್‌ಬ್ಯಾಕರ್‌ಗಳ ವಾಂಡರ್‌ಲಿಂಡನ್. 2012ರ ಜುಲೈನಲ್ಲಿ ಸ್ಯಾಂಡಸ್ಕಿ ಪ್ರಕರಣಕ್ಕಾಗಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಯಿಂದ ಶಿಕ್ಷೆ ಬಂತು. 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಬೌಲ್ ಪಂದ್ಯ ಇಲ್ಲ, ಬೇಕಾದ ಹುಡುಗರು ಬೇರೆ ಕಾಲೇಜಿಗೆ ಹೋಗಬಹುದು. ಆಗ ಪತ್ರಕರ್ತರ ಮುಂದೆ ಸಂಗಾತಿಗಳ ಜೊತೆ ನಿಂತು ನಾವೆಲ್ಲೂ ಹೋಗುವುದಿಲ್ಲ ಅಂದ ಇಬ್ಬರಲ್ಲಿ ಒಬ್ಬ ಮೈಕಲ್ ಮಾಟಿ. ವಾಂಡರ್‌ಲಿಂಡನ್ ಕೋಣೆಯ ಹುಡುಗ. ಮೊಣಕಾಲಿನ ಲಿಗಮೆಂಟ್ ಆಗಲೇ ಎರಡು ಸಲ ಹರಿದಿತ್ತು. ನವೆಂಬರ್‌ನಲ್ಲಿ ಇಂಡಿಯಾನಾ ವಿರುದ್ಧ ಮೂರನೇ ಸಲ ಹರಿಯಿತು. ಮುಂದಿನ ವಾರ ವಿಸ್ಕಾನ್ಸಿನ್ ವಿರುದ್ಧ ಸಂಗಾತಿಗಳು ಅವನ 42 ಸಂಖ್ಯೆಯನ್ನು ಹೆಲ್ಮೆಟ್ಟಿಗೆ ಅಂಟಿಸಿಕೊಂಡು ಆಡಿದರು. ಪೆನ್ ಸ್ಟೇಟ್ ಹೆಲ್ಮೆಟ್ ಅಂದರೆ ಹೆಸರಿಲ್ಲದ, ಚಿತ್ರವಿಲ್ಲದ, ನಡುವೆ ಒಂದು ನೀಲಿ ಪಟ್ಟಿ ಬಿಟ್ಟರೆ ಬರೀ ಬಿಳಿ ಹೆಲ್ಮೆಟ್ ಅಂತ ನಿಮಗೆ ಗೊತ್ತೇ ಇದೆ. ಓವರ್‌ಟೈಮ್‌ನಲ್ಲಿ 24-21ಕ್ಕೆ ಗೆದ್ದರು. ನಿಮ್ಮ ಮಗನನ್ನು ಕೇಳಿ ನೋಡಿ, ಈ ಪಂದ್ಯ ನೆನಪಿರುತ್ತದೆ. ಕೋಚ್ ಹೆಸರು ನೆನಪಿರಲಿಕ್ಕಿಲ್ಲ.

ಒಂದು ವರ್ಷ ಕಳೆದು, 2013ರ ಕೊನೆಗೆ, ಅದೇ ಒಬ್ರಿಯನ್ ವಾಂಡರ್‌ಲಿಂಡನ್ ಅವರನ್ನು ಕೈಬಿಟ್ಟರು. ಆ ಚಳಿಗಾಲದಲ್ಲೇ ತಾವೂ ಎನ್‌ಎಫ್‌ಎಲ್ ತಂಡ ಹ್ಯೂಸ್ಟನ್ ಟೆಕ್ಸನ್ಸ್‌ಗೆ ಹೊರಟರು! ಪೊಸ್ಲುಸ್ನಿಯನ್ನು ಬೆಳೆಸಿದ ಮನುಷ್ಯ ಪೆಟ್ಟಿಗೆ ಕಟ್ಟಿಕೊಂಡು ಏರ್ ಫೋರ್ಸ್ ಅಕಾಡೆಮಿಗೆ ಹೋಗಿ ಮತ್ತೆ ಮೊದಲ ಹೆಜ್ಜೆ ಕಲಿಸತೊಡಗಿದರು. ಸಹಾಯಕ ಕೋಚ್ ಬದುಕೇ ಹೀಗೆ. ಹೆಡ್ ಕೋಚ್ ಸೋತರೆ ಇವರೂ ಹೋಗಬೇಕು, ಹೆಡ್ ಕೋಚ್ ಗೆದ್ದು ದೊಡ್ಡ ಊರಿಗೆ ಹೋದರೂ ಇವರು ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ, ಹೆಂಡತಿ ಕೆಲಸ, ಮನೆ ಸಾಲ ಎಲ್ಲ ಯಾರದೋ ಗೆಲುವು ಸೋಲಿನ ಮೇಲೆ. ಇನ್ನು ಮೇಲಿನವರ ಹೊಣೆ ಎಷ್ಟು ದುಬಾರಿ ನೋಡಿ. 2023ರಲ್ಲಿ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯ ತನ್ನ ಹೆಡ್ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆದು, ಕೆಲಸ ಮಾಡದೆ ಇರುವುದಕ್ಕೆ 7.5 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಿತು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ. ಸಹಾಯಕರಿಗೂ ಒಂದು ಪ್ರಶಸ್ತಿ ಇದೆ, 1996ರಿಂದ ಕೊಡುತ್ತಿರುವ ಬ್ರಾಯ್ಲ್ಸ್ ಪ್ರಶಸ್ತಿ. ತಮಾಷೆ ಏನೆಂದರೆ ಅದಕ್ಕೂ ಹೆಸರು ಅರ್ಕಾನ್ಸಾಸ್‌ನ ಹೆಡ್ ಕೋಚ್ ಒಬ್ಬರದ್ದು.

ಇದು ಅಮೆರಿಕದ ರೋಗ ಮಾತ್ರ ಅಂದುಕೊಳ್ಳಬೇಡಿ. ನನಗೆ ಗೊತ್ತಿರುವ ಒಬ್ಬ ಗಣಿತದ ಮೇಷ್ಟ್ರು ಇದ್ದಾರೆ, ಸರ್ಕಾರಿ ಹೈಸ್ಕೂಲಿನವರು. ಭಿನ್ನರಾಶಿ ಅಂದರೆ ಹೆದರಿ ಓಡುವ ಮಕ್ಕಳನ್ನು ಕೂರಿಸಿ ಕಲಿಸುತ್ತಿದ್ದರು. ಬಡ್ತಿ ಬಂತು, ಹೆಡ್‌ಮಾಸ್ಟರ್ ಆದರು, ಊರವರು ಶಾಲು ಹೊದೆಸಿದರು. ಈಗ ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಶೂ ಸಾಕ್ಸ್ ಬಿಲ್ಲು, ಆನ್‌ಲೈನ್ ಮಾಹಿತಿ ತುಂಬುವುದು, ಕರೆದಾಗ ಮೀಟಿಂಗಿಗೆ ಓಡುವುದು. ಕ್ಲಾಸಿಗೆ ಹೋಗಲು ಪುರುಸೊತ್ತಿಲ್ಲ. ಗಣಿತಕ್ಕೆ ಬೇರೆ ಮೇಷ್ಟ್ರು ಬಂದಿಲ್ಲ. ಶಾಲೆಗೆ ಒಬ್ಬ ಗುಮಾಸ್ತ ಸಿಕ್ಕಿದ, ಒಬ್ಬ ಮೇಷ್ಟ್ರು ಹೋದ. ಸಂಬಳ ಜಾಸ್ತಿ ಆಗಬೇಕಾದರೆ ಚೆನ್ನಾಗಿ ಮಾಡುವ ಕೆಲಸ ಬಿಡಬೇಕು ಅನ್ನುವ ನಿಯಮ ಯಾವ ಪುಣ್ಯಾತ್ಮ ಮಾಡಿದನೋ! ಆಸ್ಪತ್ರೆಯಲ್ಲೂ ಇದೇ, ಬ್ಯಾಂಕಿನಲ್ಲೂ ಇದೇ, ಪತ್ರಿಕೆಯಲ್ಲಂತೂ ಕೇಳಲೇಬೇಡಿ. ಈ ಸಂಚಿಕೆಯಲ್ಲಿ ಕಾಗುಣಿತ ಸರಿ ಇದ್ದರೆ ಅದು ಕರಡು ತಿದ್ದುವವರಿಂದ. ಹೊಗಳಿಕೆಯ ಪತ್ರ ಬರುವುದು ಮಾತ್ರ ನನಗೆ.

ಒಂದು ಮಾತು ನಿಮ್ಮ ಪರವಾಗಿ ಹೇಳಬಹುದು. ವಾಂಡರ್‌ಲಿಂಡನ್ ತಾವಾಗಿ ಹೆಡ್ ಕೋಚ್ ಕುರ್ಚಿ ಬೇಡ ಅಂದವರಲ್ಲ. ಸಿಕ್ಕಿತು, ಕೂತರು, ಎಬ್ಬಿಸಿದರು. ತ್ಯಾಗ ಗೀಗ ಅಂತ ನಾನು ಸುಮ್ನೆ ಬಣ್ಣ ಹಚ್ಚುವುದಿಲ್ಲ. ಆದರೆ ಎಬ್ಬಿಸಿದ ಮರುವರ್ಷವೇ ಹದಿನೆಂಟರ ಹುಡುಗರ ಮುಂದೆ ಕೂತು ಗಾರ್ಡ್‌ನ ಕೈ ತೋರಿಸಲು ಶುರುಮಾಡುವುದಕ್ಕೆ ಒಂದು ಗತ್ತು ಬೇಕು. ಮೇಲೇರಿದವರಲ್ಲಿ ಎಷ್ಟು ಜನಕ್ಕೆ ಅದು ಸಾಧ್ಯ, ನೀವೇ ಹೇಳಿ. ನಮ್ಮಲ್ಲಿ ಮಾಜಿ ಆದವರು ಕಾರಿನ ಮೇಲಿನ ಬೋರ್ಡು ತೆಗೆಯುವುದಕ್ಕೇ ಒಪ್ಪುವುದಿಲ್ಲ.

ಮಕ್ಕಳು ಏನು ಕಲಿಯಬೇಕು ಅಂತ ಕೇಳಿದ್ದೀರಿ. ಅದನ್ನು ಮಕ್ಕಳಿಗೇ ಬಿಡೋಣ, ಅಲ್ವಾ? ನಾವು ಓದುವುದಕ್ಕೆ ಕೊಡೋಣ ಸಾಕು. ಮುಂದಿನ ಸಂಚಿಕೆಯಲ್ಲಿ ಲ್ಯಾರಿ ಜಾನ್ಸನ್ ಬಗ್ಗೆ ಬರೆಸುತ್ತಿದ್ದೇನೆ. ಒಬ್ರಿಯನ್ ಹೋದ ಮೇಲೆ ಕೆಲವು ದಿನ ಅವರೇ ಹಂಗಾಮಿ ಹೆಡ್ ಕೋಚ್. ಕಾಯಂ ಮಾಡುತ್ತಾರೆ ಅಂತ ಕಾದರು. ಕೆಲಸ ಜೇಮ್ಸ್ ಫ್ರ್ಯಾಂಕ್ಲಿನ್‌ಗೆ ಹೋಯಿತು. ಇವರು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮುಂದೆ ಎನ್‌ಎಫ್‌ಎಲ್ ಆಡಿದ ಬೋಸಾ ಅಣ್ಣ ತಮ್ಮಂದಿರನ್ನು, ಚೇಸ್ ಯಂಗ್‌ನನ್ನು ತಯಾರು ಮಾಡಿದರು. ಅವರಿಗೂ ಎರಡು ಪುಟ ಇಟ್ಟಿದ್ದೇನೆ. ಚಂದಾ ನಿಲ್ಲಿಸುವ ಯೋಚನೆ ಇದ್ದರೆ ಅದನ್ನು ಓದಿದ ಮೇಲೆ ನಿಲ್ಲಿಸಿ.