ಡ್ರೈನ್ ರಿಪೇರಿ: ಬಾಯಲ್ಲಿ 45,000, ಬಿಲ್ಲಲ್ಲಿ 61,360

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹಳೇ ಮನೆ, 30-40 ಸೈಟು. ಬಚ್ಚಲಲ್ಲಿ ನೀರು ನಿಲ್ಲುತ್ತಿದೆ ಅಂತ ಒಬ್ಬ ಪ್ಲಂಬಿಂಗ್ ಕಾಂಟ್ರ್ಯಾಕ್ಟರನ್ನು ಕರೆಸಿದೆವು. ಮೊದಲು ರಾಡ್ ಹಾಕಿ ನೋಡಿದರು. ಆಮೇಲೆ ಪೈಪ್ ಒಡೆದಿದೆ, ರೋಡ್ ತನಕ ಇಡೀ ಲೈನ್ ಬದಲಿಸಬೇಕು, ಎಲ್ಲ ಸೇರಿ 45,000 ಆಗುತ್ತದೆ ಅಂದರು. ಮನೆ ತುಂಬಾ ವಾಸನೆ, ವಯಸ್ಸಾದ ಅತ್ತೆ ಬೇರೆ ಇದ್ದಾರೆ, ಹೂಂ ಅಂದು 25,000 ಅಡ್ವಾನ್ಸ್ ಕೊಟ್ಟೆವು. ಕೆಲಸ ಮುಗಿದ ಮೇಲೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು: ಕೆಲಸ 52,000, ಜಿಎಸ್‌ಟಿ 9,360, ಒಟ್ಟು 61,360. ಕೇಳಿದರೆ ‘ಅಗೆದಾಗ ಜಾಸ್ತಿ ಕೆಲಸ ಬಂತು’ ಅಂತಾರೆ. ನೀರು ಈಗ ಚೆನ್ನಾಗಿ ಹೋಗುತ್ತಿದೆ. ಉಳಿದದ್ದನ್ನು ಪೂರ್ತಿ ಕೊಡಬೇಕಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಪೂರ್ತಿ ಕೊಡಬೇಡಿ. ಹಾಗಂತ ಸುಮ್ನೆ ಹಿಡಿದಿಟ್ಟುಕೊಳ್ಳಲೂ ಬೇಡಿ. ಮಣ್ಣು ಅಗೆದವರ ಕೂಲಿ ಆ ಹಣದಲ್ಲೇ ಇದೆ. ಒಪ್ಪಿದ್ದು 45,000 ಅಲ್ವಾ, ಅಡ್ವಾನ್ಸ್ ಕಳೆದು ಉಳಿಯುವ 20,000ವನ್ನು ಬ್ಯಾಂಕ್ ಮೂಲಕ ಈಗಲೇ ಕೊಟ್ಟುಬಿಡಿ. ತಕರಾರು ಇರುವುದು ಮಿಕ್ಕ 16,360ಕ್ಕೆ ಮಾತ್ರ.

ಅದರಲ್ಲಿ ಜಿಎಸ್‌ಟಿ ವಿಷಯ ಸುಲಭ. ಈ ಕೆಲಸಕ್ಕೆ 18% ಅನ್ನುವುದೇನೋ ಸರಿ, ಆದರೆ ನೋಂದಣಿ ಮಾಡಿಸಿಕೊಂಡವರು ಮಾತ್ರ ಅದನ್ನು ವಸೂಲಿ ಮಾಡಬಹುದು. ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರಲೇಬೇಕು, ಅದು ನಿಜವೋ ಅಲ್ಲವೋ ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಂಬರ್ ಇಲ್ಲದ ಬಿಳಿ ಹಾಳೆಗೆ 9,360 ಕೊಟ್ಟರೆ ಅದು ಸರ್ಕಾರಕ್ಕೆ ಹೋಗುವುದಿಲ್ಲ. ಒಂದು ವೇಳೆ ನಂಬರ್ ಇದ್ದರೂ, ‘ಎಲ್ಲ ಸೇರಿ’ ಅಂದವರು ಆಮೇಲೆ ತೆರಿಗೆ ಬೇರೆ ಅನ್ನುವುದು ನ್ಯಾಯವಲ್ಲ. ಇದನ್ನು ಗಟ್ಟಿಯಾಗಿಯೇ ಹೇಳಿ.

ಇನ್ನು ಆ ಹೆಚ್ಚುವರಿ 7,000. ಅಗೆದಾಗ ಜಾಸ್ತಿ ಕೆಲಸ ಬರುವುದು ನಿಜಕ್ಕೂ ಆಗುತ್ತದೆ, ಅದು ಸುಳ್ಳಿನ ಮಾತಲ್ಲ. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಟೋನ್‌ವೇರ್ ಪೈಪು, ಅಂದರೆ ಸುಟ್ಟ ಜೇಡಿಮಣ್ಣಿನದು, ಗಿಡ್ಡ ಗಿಡ್ಡ ತುಂಡುಗಳನ್ನು ಸಿಮೆಂಟಿನಲ್ಲಿ ಜೋಡಿಸಿರುತ್ತಾರೆ. ಆ ಜಾಯಿಂಟು ಬಿರುಕು ಬಿಟ್ಟರೆ ಪಕ್ಕದ ಮರದ ಬೇರು ಒಳಗೆ ನುಗ್ಗುತ್ತದೆ, ಒಳಗೆ ಹೋದ ಮೇಲೆ ಜಡೆಯಂತೆ ಹೆಣೆದುಕೊಂಡು ಪೈಪನ್ನೇ ತುಂಬಿಬಿಡುತ್ತದೆ, ಅದಕ್ಕೆ ಬಟ್ಟೆ, ಜಿಡ್ಡು ಎಲ್ಲ ಸಿಕ್ಕಿಕೊಳ್ಳುತ್ತದೆ. ಇದೆಲ್ಲ ಮೇಲಿಂದ ಕಾಣುವುದಿಲ್ಲ. ಆದರೆ ಕಂಡಾಗ ಮನೆಯವರನ್ನು ಕರೆದು ತೋರಿಸಿ, ಇಷ್ಟು ಜಾಸ್ತಿ ಆಗುತ್ತದೆ ಅಂತ ಮೊದಲೇ ಹೇಳಬೇಕಿತ್ತು. ಮುಚ್ಚಿ ಟೈಲ್ಸ್ ಹಾಕಿದ ಮೇಲೆ ಹೇಳಿದರೆ ನೀವು ಏನನ್ನು ನೋಡಿ ಒಪ್ಪಬೇಕು? ಫೋಟೋ ಇದೆಯಾ, ಎಷ್ಟು ಅಡಿ ಜಾಸ್ತಿ ಅಗೆದಿರಿ, ಎಷ್ಟು ಲೋಡ್ ಮಣ್ಣು ಸಾಗಿಸಿದಿರಿ ಅಂತ ಕೇಳಿ. ಉತ್ತರ ಸರಿ ಅನ್ನಿಸಿದರೆ ಅಷ್ಟಕ್ಕೆ ಕೊಡಿ.

45,000 ಜಾಸ್ತಿಯಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಲ್ಲಿ ಇದ್ದೇ ಇರುತ್ತದೆ. ಅಡಿ ಲೆಕ್ಕ ಇಲ್ಲದೆ ಅದನ್ನು ಯಾರೂ ಹೇಳಲಾರರು. ಟೇಪ್ ಹಿಡಿದು ಬಚ್ಚಲಿನಿಂದ ರೋಡ್ ಕಡೆಯ ಚೇಂಬರ್ (ಪೈಪ್ ಸೇರುವ, ಮುಚ್ಚಳ ಇರುವ ಗುಂಡಿ) ತನಕ ಅಳೆಯಿರಿ. ಕೊಳಚೆ ನೀರಿಗೆ ಹಾಕುವ ನಾಲ್ಕಿಂಚಿನ ಎಸ್‌ಡಬ್ಲ್ಯುಆರ್ ಪ್ಲಾಸ್ಟಿಕ್ ಪೈಪು, ಅಂದರೆ 110 ಎಂಎಂ, 3 ಮೀಟರ್ ಉದ್ದದಲ್ಲಿ ಸಿಗುತ್ತದೆ, ಎಷ್ಟು ಬೇಕಾಯಿತು ಅಂತ ತಿಳಿದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ರೇಟು ಕೇಳಿ. ಇಂಥ ಕೆಲಸದಲ್ಲಿ ಪೈಪಿಗಿಂತ ಖರ್ಚು ಜಾಸ್ತಿ ಬರುವುದು ಒಡೆಯುವುದಕ್ಕೆ, ಅಗೆಯುವುದಕ್ಕೆ, ಮತ್ತೆ ಕಾಂಕ್ರೀಟ್ ಹಾಕುವುದಕ್ಕೆ. ಲೇಬರ್ ಬೇರೆ, ಮೆಟೀರಿಯಲ್ ಬೇರೆ, ಒಡೆದ ಕಲ್ಲು-ಮಣ್ಣಿನ ಸಾಗಣೆ ಬೇರೆ ಬರೆದುಕೊಟ್ಟರೆ ಮಾತ್ರ ಆ ಮೊತ್ತಕ್ಕೆ ಅರ್ಥ ಬರುತ್ತದೆ.

ಮುಂದೆ ಇಂಥದ್ದು ಬಂದಾಗ ದುಡ್ಡಿನ ಮಾತಿಗೆ ಮೊದಲು ಚೇಂಬರ್ ಮುಚ್ಚಳ ತೆಗೆಸಿ, ಇದನ್ನು ಎಲ್ಲ ಓದುಗರಿಗೂ ಹೇಳುತ್ತಿದ್ದೇನೆ. ಮನೆಯ ಕೊನೆಯ ಚೇಂಬರ್ ತುಂಬಿ ನಿಂತಿದ್ದರೆ ಬ್ಲಾಕ್ ಇರುವುದು ಅದರಿಂದ ಆಚೆ, ರೋಡ್ ಕಡೆ. ಆಗ ನಿಮ್ಮ ನೆಲ ಒಡೆಯುವ ಮೊದಲು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ರಸ್ತೆಯ ಲೈನು ಅವರದು. ಬೇರೆ ಊರಾದರೆ ಪಾಲಿಕೆಯ ಅಥವಾ ನಗರಸಭೆಯ ಯುಜಿಡಿ, ಅಂದರೆ ಒಳಚರಂಡಿ ವಿಭಾಗದವರನ್ನು ಕೇಳಿ. ಚೇಂಬರ್ ಖಾಲಿ ಇದ್ದು ಬಚ್ಚಲು ಮಾತ್ರ ತುಂಬಿದ್ದರೆ ಬ್ಲಾಕ್ ಅವೆರಡರ ಮಧ್ಯೆ ಇದೆ. ಅಷ್ಟು ಭಾಗ ಮಾತ್ರ ಒಡೆದರೆ ಸಾಕಾಗಬಹುದು, ಇಡೀ ಲೈನ್ ಯಾಕೆ ಬೇಕು ಅಂತ ಕೇಳುವ ಹಕ್ಕು ನಿಮಗಿದೆ. ಮಳೆ ಬಂದಾಗ ಮಾತ್ರ ನೀರು ಹಿಂದಕ್ಕೆ ಬರುತ್ತದಾ? ಹಾಗಿದ್ದರೆ ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಿದ್ದಾರಾ ನೋಡಿ.

ಅವರು ಜಗಳಕ್ಕೆ ಬಂದರೆ ವಾಟ್ಸಾಪ್‌ನಲ್ಲೇ ಆಗಲಿ, ಕೊಟ್ಟದ್ದು ಎಷ್ಟು, ಯಾವುದಕ್ಕೆ ಒಪ್ಪಿಗೆ ಇಲ್ಲ ಅಂತ ಬರೆದು ಕಳಿಸಿ. ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ.

ಪ್ರಶ್ನೆ: ಸೆಪ್ಟಿಕ್ ಟ್ಯಾಂಕ್ ತುಂಬಿದೆ. ಹೀರಿ ತೆಗೆಯುವ ಗಾಡಿಯವರು ಜಾಸ್ತಿ ಕೇಳುತ್ತಾರೆ. ಅದರ ಅರ್ಧಕ್ಕೆ ಆಳು ಇಳಿಸಿ ಮಾಡಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ.
— ಓದುಗರು, ತುಮಕೂರು

ಉತ್ತರ: ಬೇಡ. ದಯವಿಟ್ಟು ಬೇಡ. ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವ ಗಾಳಿ ಅದು, ಆದರೆ ತೀರಾ ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಇಳಿದವರು ಕೂಗುವುದಕ್ಕೂ ಆಗದೆ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಲ್ಲಿ ಹೀಗೆ ಆಳು ಇಳಿಸುವುದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನೇರವಾಗಿ ನೇಮಿಸಿದರೂ ಅಷ್ಟೇ, ಇನ್ನೊಬ್ಬರ ಮೂಲಕ ಮಾಡಿಸಿದರೂ ಅಷ್ಟೇ. ಪಾಲಿಕೆಯ ಸಕ್ಕಿಂಗ್ ಗಾಡಿಗೆ ವಿಚಾರಿಸಿ. ಖಾಸಗಿ ಗಾಡಿಯಾದರೆ ರೇಟು ಲೋಡಿಗೋ ಇಡೀ ಟ್ಯಾಂಕಿಗೋ, ಒಂದು ಲೋಡ್ ಅಂದರೆ ಎಷ್ಟು ಲೀಟರ್, ಇದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.