ತುಂಬಿದ ಡಬ್ಬಿ ಮನೆಗೆ ಮರಳಿದಾಗ

ಪ್ರಶ್ನೆ: ಆಟಿಸಂ ಇರುವ ನನ್ನ 18 ವರ್ಷದ ಮಗ ಈ ವರ್ಷ ಬಿ.ಎಸ್ಸಿ. ಸೇರಿದ್ದಾನೆ. ಪಾಠದಲ್ಲಿ ಹಿಂದಿಲ್ಲ. ಆದರೆ ಊಟದ ಡಬ್ಬಿಯನ್ನು ತೆರೆಯದೆ ವಾಪಸು ತರುತ್ತಾನೆ. ಅಧ್ಯಾಪಕರು ರಜೆ ಹಾಕಿದ ದಿನ ಗಾಬರಿಯಿಂದ ಫೋನ್ ಮಾಡುತ್ತಾನೆ. ನಾನು ದಿನವೂ ಜೊತೆಗೆ ಹೋಗಲೇ?
– ಒಬ್ಬ ತಾಯಿ, ಜಯನಗರ, ಬೆಂಗಳೂರು

ಉತ್ತರ: ಡಬ್ಬಿ ಮರಳಿ ಬರುವುದನ್ನು ಹಟವೆಂದು ಎಣಿಸಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಕ್ಯಾಂಟೀನಿನಲ್ಲಿ ಸ್ಟೀಲ್ ತಟ್ಟೆಗಳ ಸದ್ದು, ಒಗ್ಗರಣೆಯ ಘಾಟು, ಟೋಕನ್ನಿಗಾಗಿ ಮೈಗೆ ಮೈ ತಾಗುವ ಸಾಲು ನಮ್ಮ ಗಮನಕ್ಕೆ ಬಂದೂ ಬಾರದಂತೆ ಕಳೆದುಹೋಗುತ್ತವೆ. ಆಟಿಸಂ ಇರುವ ಅನೇಕರಿಗೆ ಇವೆಲ್ಲವೂ ಏಕಕಾಲಕ್ಕೆ, ತಡೆಯಲಾರದಷ್ಟು ಜೋರಾಗಿ ಎರಗುತ್ತವೆ. ತರಗತಿಯಲ್ಲಾದರೆ ಕೂರುವ ಜಾಗ, ಮಾಡುವ ಕೆಲಸ, ಮುಗಿಯುವ ಹೊತ್ತು ಮೊದಲೇ ತಿಳಿದಿರುತ್ತದೆ. ಬಿಡುವಿನ ಗಂಟೆಗೆ ಇದಾವುದೂ ಇಲ್ಲ.

ಆದ್ದರಿಂದ ಭಾನುವಾರ ಅವನೊಂದಿಗೆ ಕುಳಿತು, ವೇಳಾಪಟ್ಟಿಯ ಖಾಲಿ ಮನೆಗಳನ್ನೂ ತುಂಬಿಸಿ. ಊಟಕ್ಕೆ ಗದ್ದಲವಿಲ್ಲದ ಒಂದು ಜಾಗ, ಅದು ಸಿಗದಿದ್ದರೆ ಇನ್ನೊಂದು. ತರಗತಿ ರದ್ದಾದರೆ ಗ್ರಂಥಾಲಯ, ಅಲ್ಲಿಂದ ಹೊರಡುವ ಸಮಯ. ಇಷ್ಟನ್ನು ಅವನ ಮಾತಿನಲ್ಲೇ ಬರೆದ ಚೀಟಿ ಜೇಬಿನಲ್ಲಿರಲಿ. ನೀವು ಎರಡು ಮೂರು ದಿನ ಜೊತೆಗೆ ಹೋಗಿ ಅಭ್ಯಾಸ ಮಾಡಿಸಬಹುದು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಬೇಕಿದ್ದರೆ ಆ ಅಭ್ಯಾಸವೂ ಆಗಲಿ. ದಿನವೂ ಹೋಗುವುದು ಬೇಡ.

ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರನ್ನು ಗೊತ್ತುಮಾಡಿಕೊಂಡು, ತೊಂದರೆ ಇಲ್ಲದ ವಾರವೂ ನಿಗದಿತ ಹೊತ್ತಿಗೆ ಅವನು ಅವರನ್ನು ಕಾಣುವಂತೆ ಮಾಡಿ. ಕಷ್ಟ ಬಂದ ಗಳಿಗೆಯಲ್ಲೇ ಹೊಸಬರ ಬಳಿ ನೆರವು ಕೇಳುವುದು ಇಂಥ ಮಕ್ಕಳಿಗೆ ಬಲು ಕಠಿಣ. ಮೆಸೇಜಿನಲ್ಲಿ ಕೇಳಲು ಅನುಮತಿ ಇರಲಿ. ಸಹಪಾಠಿಗಳಿಗೆ ಆಟಿಸಂ ವಿಷಯ ತಿಳಿಸಬೇಕೇ ಎಂಬುದನ್ನು ಅವನೇ ನಿರ್ಧರಿಸಲಿ. ಕಾಲೇಜು ಉತ್ಸವದ ವೇದಿಕೆಗೆ ತಳ್ಳಿದರೆ ಗೆಳೆತನ ಬೆಳೆಯುತ್ತದೆಂಬ ನಂಬಿಕೆ ಪೋಷಕರಲ್ಲಿ ಬಹಳವಿದೆ, ನನಗಿಲ್ಲ. ನಾಲ್ಕೇ ಜನರ ಚೆಸ್ ಕೂಟ ಮೇಲು.

ಕಾಲೇಜು ಇದನ್ನು ಉಪಕಾರವೆಂದು ಭಾವಿಸಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಸೇರಿದೆ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಗಳು ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದೂ, ಕ್ರೀಡೆ ಮತ್ತು ಮನರಂಜನೆಯಲ್ಲಿ ಸಮಾನ ಅವಕಾಶ ನೀಡಬೇಕೆಂದೂ ಅದರ 16ನೇ ಕಲಮು ಹೇಳುತ್ತದೆ. ಮನವಿಯನ್ನು ಬರವಣಿಗೆಯಲ್ಲೇ ಕೊಡಿ.

ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ ನಿಮ್ಹಾನ್ಸ್‌ನಲ್ಲಿ ಅಥವಾ ಹತ್ತಿರದ ಮನೋವೈದ್ಯರಲ್ಲಿ ತೋರಿಸಿ. ಆಟಿಸಂ ಜೊತೆಗೆ ಆತಂಕದ ಕಾಯಿಲೆಯೂ ಇರುವುದು ಅಪರೂಪವಲ್ಲ. ಉಳಿದಂತೆ, ಮುಂದಿನ ಸಲ ಅವನು ಫೋನ್ ಮಾಡಿದಾಗ ಆಟೊ ಹತ್ತಬೇಡಿ. ಚೀಟಿಯ ಮೊದಲ ಸಾಲನ್ನು ಓದಿ ಹೇಳಲು ಕೇಳಿ, ಅವನು ಓದಿ ಮುಗಿಸುವವರೆಗೆ ಕಾಯಿರಿ.